ನಾಲ್ಕನೆಯ ಪದ

"ಇದು ಮನುಷ್ಯರು ಬರೆದಿದ್ದೋ ಯಂತ್ರ ಬರೆದಿದ್ದೋ ಅಂತ ಎರಡು ಸಾಲು ಓದಿದ್ರೆ ಸಾಕಮ್ಮ, ನನಗೆ ಗೊತ್ತಾಗುತ್ತೆ."

ಜೆ.ಪಿ. ನಗರದ ಆ ಆಫೀಸಿನಲ್ಲಿ ಕೂತ ಹತ್ತೇ ನಿಮಿಷಕ್ಕೆ ನಾನು ಆಡಿದ ಮಾತು ಇದು. ಯಾರೂ ಕೇಳಿರಲಿಲ್ಲ. ಕಾಫಿ ಇನ್ನೂ ಬಂದಿರಲಿಲ್ಲ. ಈಗ ನೆನೆಸಿಕೊಂಡರೆ ಕಾಫಿ ಬರುವ ತನಕವಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೆ ಅನ್ನಿಸುತ್ತದೆ.

ಆಫೀಸು ದೊಡ್ಡದೇನಲ್ಲ. ಒಂದು ದರ್ಶಿನಿಯ ಮೇಲಿನ ಎರಡನೇ ಮಹಡಿ, ಮಧ್ಯಾಹ್ನದವರೆಗೂ ಸಾಂಬಾರಿನ ಘಮ. ಕನ್ನಡದ ತಂತ್ರಾಂಶ ಮಾಡುವ ಏಳೆಂಟು ಜನ. ನಾನು ವಾರಪತ್ರಿಕೆಯೊಂದಕ್ಕೆ ಪದಬಂಧ ಮಾಡುವವನು ಎಂದು ತಿಳಿದು, ಅಲ್ಲಿ ಈ ಕೆಲಸದ ಉಸ್ತುವಾರಿ ಹೊತ್ತಿದ್ದ ಹುಡುಗಿ ನನ್ನನ್ನು ಕರೆಸಿದ್ದಳು. ಹುಡುಗಿ ಎಂದೆ, ಮೂವತ್ತು ದಾಟಿರಬೇಕು. ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರೇ. ಅವಳ ಯೋಜನೆ ಸರಳವಾಗಿತ್ತು. ಷರತ್ತು ಹಾಕಿದ ಬರವಣಿಗೆ, ಅಂದರೆ ಈ ಅಕ್ಷರ ಬರಬಾರದು, ಆ ಪದ ಬರಲೇಬೇಕು ಎನ್ನುವಂಥ ಆಟಗಳನ್ನು ಐದು ಜನಕ್ಕೂ ಮೂರು ಚಾಟ್‌ಬಾಟ್‌ಗಳಿಗೂ ಕೊಡುವುದು. ಯಾರು ಎಲ್ಲಿ ಗೆಲ್ಲುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ವರದಿ ಬರೆಯುವುದು. ಆಟಗಳನ್ನು ರೂಪಿಸುವವನೂ ನಾನೇ, ಅಂಕ ಕೊಡುವವನೂ ನಾನೇ. ಯಾರು ಬರೆದದ್ದೆಂದು ನನಗೆ ತಿಳಿಸುವುದಿಲ್ಲ. ಪ್ರತಿ ಹಾಳೆಗೂ ಒಂದು ಸಂಖ್ಯೆ ಇರುತ್ತದೆ, ಅಷ್ಟೇ. ಕೊನೆಯ ಕಾಲಂನಲ್ಲಿ 'ಮನುಷ್ಯ' ಅಥವಾ 'ಯಂತ್ರ' ಎಂದು ನಾನು ಬರೆಯಬೇಕು.

"ಕೊನೇ ಕಾಲಂ ಬೇಕಿದ್ರೆ ಬಿಡಬಹುದು ಸಾರ್. ಅದು ಬರೀ ಗೆಸ್ಸು" ಅಂದಳು.

ಅದಕ್ಕೆ ಉತ್ತರವಾಗಿಯೇ ನಾನು ಆ ಮೇಲಿನ ಮಾತು ಹೇಳಿದ್ದು.

ನಾಲ್ಕು ಆಟ ಮಾಡಿದೆ. ಮೊದಲನೆಯದು ತುಟಿ ಸೇರಿಸದ ಬರಹ: ಪ, ಫ, ಬ, ಭ, ಮ ಈ ಐದರಲ್ಲಿ ಒಂದೂ ಬರದಂತೆ ಸಂತೆಯ ಬಗ್ಗೆ ಐದು ವಾಕ್ಯ. ಕೇಳಲು ಸುಲಭ. ಬರೆಯಲು ಕೂತರೆ ಮಾರುಕಟ್ಟೆ ಎನ್ನುವಂತಿಲ್ಲ, ಬೆಲೆ ಎನ್ನುವಂತಿಲ್ಲ, ಸೊಪ್ಪು, ಬದನೆ, ಟೊಮೇಟೊ ಯಾವುದೂ ಸಿಕ್ಕುವುದಿಲ್ಲ. ಎರಡನೆಯದು ಒಂದೂ ಒತ್ತಕ್ಷರವಿಲ್ಲದ ಪತ್ರ. ಮೂರನೆಯದು ನಾಲ್ಕು ಸಾಲಿನಲ್ಲೂ ಎರಡನೆಯ ಅಕ್ಷರ ಒಂದೇ ಆಗಿರುವ ಪದ್ಯ. ನಾಲ್ಕನೆಯದನ್ನು ಪಾಪ ಉಸಿರಾಡಲಿ ಎಂದು ಸುಲಭವಾಗಿ ಇಟ್ಟೆ. ಹಾಲು, ಚಪ್ಪಲಿ, ಬಸ್ಸು, ಚಂದ್ರ ಈ ನಾಲ್ಕೂ ಪದ ಬರುವಂತೆ ನಿಮ್ಮ ಬೀದಿಯ ಬಗ್ಗೆ ನಾಲ್ಕು ಸಾಲು.

ತುಟಿಯ ಆಟ ಪರೀಕ್ಷಿಸಲು ಕಣ್ಣನ್ನು ನಂಬಬಾರದು, ಓದುವ ಹುರುಪಿನಲ್ಲಿ ಕಣ್ಣು ಜಾರುತ್ತದೆ. ನನ್ನ ಹಳೆಯ ಉಪಾಯ ಪೊರಕೆ ಕಡ್ಡಿ. ಅರ್ಧ ಬೆರಳುದ್ದ ಮುರಿದು, ತೊಳೆದು, ಎರಡು ತುಟಿಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಗಟ್ಟಿಯಾಗಿ ಓದಬೇಕು. ತುಟಿ ಸೇರಲು ಹೋದಲ್ಲಿ ಚುಚ್ಚುತ್ತದೆ. ಬನಶಂಕರಿ ಮೂರನೇ ಹಂತದ ನಮ್ಮ ಮನೆಯ ವರಾಂಡದಲ್ಲಿ, ಇಟ್ಟಮಡುವಿನ ಕಡೆಯಿಂದ ಬರುವ ತಳ್ಳುಗಾಡಿಯವರು ನೋಡಿ ನಗುವಂತೆ, ನಾನು ಕಡ್ಡಿ ಕಚ್ಚಿಕೊಂಡು ಓದುತ್ತಿದ್ದೆ.

"ರೀ, ಹೊಸಾ ಪೊರಕೆ ಅದು. ಹಳೇದ್ರಲ್ಲಿ ಮುರ್ಕೊಳ್ಳಿ" ಅಂದಳು ನನ್ನ ಹೆಂಡತಿ.

ಮೊದಲ ಸುತ್ತು ಪೂರ್ತಿ ಕೆಟ್ಟಿತು. ಹಾಳೆಗಳು ಬಂದವು, ತೆರೆದ ಕೂಡಲೇ ಗುಟ್ಟೆಲ್ಲ ರಟ್ಟು. ಒಂದು ಚಾಟ್‌ಬಾಟ್ 'ಖಂಡಿತ! ತುಟಿ ಸೇರದ ಅಕ್ಷರಗಳಿಂದಲೇ ರಚಿಸಿದ ಐದು ವಾಕ್ಯಗಳು ಇಲ್ಲಿವೆ' ಎಂದು ಪೀಠಿಕೆ ಹಾಕಿ, ಮೊದಲ ವಾಕ್ಯವನ್ನೇ 'ಮಡಿವಾಳದ ಮಾರುಕಟ್ಟೆ' ಎಂದು ಶುರು ಮಾಡಿತ್ತು. ತಪ್ಪಾಗಿದೆ ಎಂದು ಹುಡುಗಿ ಅದಕ್ಕೆ ಹೇಳಿದ್ದಳಂತೆ. ಕ್ಷಮೆ ಕೇಳಿ, ಪೂರ್ತಿ ಸರಿಪಡಿಸಿದ್ದೇನೆ ಎಂದು, ಈ ಸಲ 'ಬೆಳಗಿನ ಜಾವ' ಎಂದು ಶುರು ಮಾಡಿತ್ತು. ಜನರ ಹಾಳೆಗಳೋ, ಕೈಬರಹದ ಜೆರಾಕ್ಸು. ಕಾಟು, ಗೀಟು, ಅಂಚಿನಲ್ಲಿ ಕೂಡಿಸಿ ಕಳೆದ ಅಕ್ಷರಗಳು, ಒಬ್ಬರದ್ದರಲ್ಲಿ ಟೀ ಲೋಟದ ಗುರುತು. ಇದರಲ್ಲಿ ಪತ್ತೆ ಮಾಡಲು ನಾನು ಯಾಕೆ ಬೇಕು?

"ಇದೆಲ್ಲ ಬೇಡಮ್ಮ. ಹೊಸಬರನ್ನ ಕೂರಿಸಿ, ಇನ್ನೊಂದು ಸುತ್ತು ಮಾಡಿ" ಅಂದೆ. "ಯಂತ್ರದ ಪೀಠಿಕೆ, ಮಂಗಳ ಎಲ್ಲ ತೆಗೀರಿ. ಜನರ ಹಾಳೇಲಿರೋ ಕಾಟು, ಗೀಟು, ಚಿತ್ರ, ಗುರುತು ಏನೇ ಇದ್ರೂ ತೆಗೀರಿ. ಎಲ್ಲಾನೂ ಟೈಪ್ ಮಾಡಿಸಿ. ಅಕ್ಷರ ಮಾತ್ರ ನನ್ನ ಮುಂದೆ ಬರ್ಲಿ."

"ಕಾಟು ನೋಡಿದ್ರೆ ಅವ್ರು ಹೆಂಗೆ ಯೋಚ್ನೆ ಮಾಡಿದ್ರು ಅಂತ ಗೊತ್ತಾಗುತ್ತಲ್ವಾ ಸಾರ್?"

"ಅದು ನಿಮಗೆ ಬೇಕಾದ್ರೆ ಇಟ್ಕೊಳ್ಳಿ. ನನಗೆ ಬೇಡ."

ಹಾಗೆಂದು ನಿಯಮ ಮಾಡಿದವನು ನಾನು. ಅವಳು ಮೂಲ ಹಾಳೆಗಳನ್ನು ಒಂದು ಖಾಕಿ ಕವರಿಗೆ ಹಾಕಿ ಅದೇ ಕೋಣೆಯ ಸ್ಟೀಲು ಬೀರುವಿನಲ್ಲಿಡುವುದಾಗಿ ಹೇಳಿದಳು.

ಎರಡನೆಯ ಸುತ್ತಿಗೆ ಐದು ಜನ ಹೊಸಬರು ಒಂದು ಶನಿವಾರ ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ಗ್ರಂಥಾಲಯವೊಂದರ ಮಹಡಿಯಲ್ಲಿ ಕೂತು ಬರೆದರು. ಮೂರು ಗಂಟೆ ಕಾಲ. ಫೋನುಗಳನ್ನು ಚೀಲದೊಳಗೆ ಇಟ್ಟುಕೊಳ್ಳಲು ಹೇಳಿದ್ದರು, ಯಾರೂ ಕಿತ್ತಿಟ್ಟುಕೊಂಡಿರಲಿಲ್ಲ. ನಾನು ಅಲ್ಲಿಗೆ ಹೋಗುವಂತಿರಲಿಲ್ಲ. ಮುಂದಿನ ವಾರ ಮೂವತ್ತೆರಡು ಹಾಳೆ ಒಂದೇ ಅಚ್ಚಿನಲ್ಲಿ, ಒಂದೇ ಅಳತೆಯಲ್ಲಿ ಮನೆಗೆ ಬಂದವು.

ಮೂರು ದಿನ ಹಿಡಿಯಿತು. ಹೇಳಲೇಬೇಕು, ಮೂರನೆಯ ಆಟದಲ್ಲಿ ಯಂತ್ರದ್ದೆಂದು ನಾನು ಗುರುತಿಸಿದ ಒಂದು ಪದ್ಯ ನಿಜವಾಗಿ ಚೆನ್ನಾಗಿತ್ತು, ನನಗೆ ಸ್ವಲ್ಪ ಹೊಟ್ಟೆಯೂ ಉರಿಯಿತು. ತುಟಿಯ ಆಟದಲ್ಲಿ ಮಾತ್ರ ಯಂತ್ರದ್ದೆಂದು ಕಂಡ ಮೂರಕ್ಕೆ ಮೂರೂ ಸೋತಿದ್ದವು. ಅದರಲ್ಲೊಂದು ನಾಲ್ಕನೆಯ ವಾಕ್ಯದವರೆಗೂ ಬಂದು 'ಬಣ್ಣ' ಎಂದುಬಿಟ್ಟಿತ್ತು. ಆದರೆ ಅದೇ ಆಟದಲ್ಲಿ ಒಂದು ಹಾಳೆ ಹೀಗೆ ಶುರುವಾಗಿತ್ತು: 'ತಕ್ಕಡಿ ಹಿಡಿದವನ ಕಣ್ಣು ತಕ್ಕಡಿಯಲ್ಲಿಲ್ಲ, ನನ್ನ ಕೈಯಲ್ಲಿದೆ. ಚೌಕಾಸಿ ಗೊತ್ತಿಲ್ಲದವಳ ಚೀಲಕ್ಕೆ ಕೊಳೆತ ಕಾಯಿ.' ಕಡ್ಡಿ ಕಚ್ಚಿಕೊಂಡು ಐದೂ ವಾಕ್ಯ ಓದಿದೆ. ಎಲ್ಲೂ ಚುಚ್ಚಲಿಲ್ಲ. ಕಡ್ಡಿ ತೆಗೆದು ಹೆಂಡತಿಗೆ ಇನ್ನೊಮ್ಮೆ ಓದಿ ಹೇಳಿದೆ.

"ಇದು ದಿನಾ ತರಕಾರಿ ತರೋ ಹೆಂಗಸು ಬರ್ದಿರೋದು" ಅಂದಳು ಒಳಗಿನಿಂದ.

ಪೂರ್ತಿ ಅಂಕ ಕೊಟ್ಟೆ. ಕೊನೆಯ ಕಾಲಂನಲ್ಲಿ 'ಮನುಷ್ಯ' ಎಂದು ಬರೆದೆ.

ಅಷ್ಟರಲ್ಲಿ ನನಗೊಂದು ಸೂತ್ರವೂ ಸಿಕ್ಕಿತ್ತು. ಜನ ಸೋತರೆ ಸೋತದ್ದು ಅವರಿಗೆ ಗೊತ್ತಿರುತ್ತದೆ. ವಾಕ್ಯ ಕುಗ್ಗುತ್ತದೆ, ಕೆಲವು ಕಡೆ ಅರ್ಧಕ್ಕೇ ನಿಂತುಬಿಡುತ್ತದೆ. ಯಂತ್ರ ಸೋತರೆ ಗೆದ್ದವರಂತೆ ನಡೆದುಹೋಗುತ್ತದೆ. ನಾಲ್ಕು ಪದದ ಆಟದಲ್ಲಿ ಎರಡು ಹಾಳೆಗಳು ಹೀಗೆಯೇ ಒಂದೊಂದು ಪದವನ್ನು ನುಂಗಿ ನೀರು ಕುಡಿದು ಸರಾಗವಾಗಿ ಮುಗಿದಿದ್ದವು. ಅವಕ್ಕೆ 'ಯಂತ್ರ' ಎಂದು ಬರೆದು ಮುಂದಿನ ಹಾಳೆ ತೆಗೆದೆ. ಅದು ಇದು:

ಹಾಲು ತರಲು ಹೊರಟೆ, ಬೀದಿ ಇನ್ನೂ ಎದ್ದಿಲ್ಲ
ಚಪ್ಪಲಿ ಸದ್ದಿಗೆ ನಾಯಿ ಕಣ್ಣು ತೆರೆದು ಮುಚ್ಚಿತು
ಮೊದಲ ಬಸ್ಸು ದೀಪ ಹಚ್ಚಿಕೊಂಡು ತಿರುಗಿತು
ಮೇಲೆ ರಾತ್ರಿಯ ದೀಪ, ಆರಿಸುವವರಿಲ್ಲ

ಸಾಲುಗಳು ಒಳ್ಳೆಯವು. ಹಾಲಿದೆ, ಚಪ್ಪಲಿಯಿದೆ, ಬಸ್ಸಿದೆ. ಚಂದ್ರ ಇಲ್ಲ. ಹಿಂದಿನೆರಡು ಹಾಳೆಗಳ ಗುಂಗಿನಲ್ಲೇ ಇದ್ದೆ, ಎರಡನೆಯ ಸಲ ಯೋಚಿಸಲಿಲ್ಲ, ಆಟಕ್ಕೆ ಮೂರೇ ಯಂತ್ರ ಎಂಬ ಲೆಕ್ಕವನ್ನೂ ಹಾಕಲಿಲ್ಲ. 'ಯಂತ್ರ' ಎಂದು ಬರೆದೆ. ಅಷ್ಟಕ್ಕೇ ಬಿಡಬಹುದಿತ್ತು. ಪಕ್ಕದಲ್ಲಿ ಟಿಪ್ಪಣಿಗೆ ಎರಡು ಗೆರೆ ಜಾಗ ಖಾಲಿ ಇತ್ತು, ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. 'ಸೊಗಸಾಗಿದೆ, ಆದರೆ ನಾಲ್ಕು ಪದ ಕೊಟ್ಟರೆ ಮನುಷ್ಯರು ನಾಲ್ಕನ್ನೂ ಎಣಿಸಿಕೊಂಡು ಬರೆಯುತ್ತಾರೆ. ಇದರ ಹಿಂದೆ ಯಾರೂ ಇಲ್ಲ' ಎಂದು ಗೀಚಿದೆ. ಒಳ್ಳೆಯ ಮಾತು ಬರೆದೆ ಎಂದು ಖುಷಿಯೂ ಆಯಿತು.

ಫಲಿತಾಂಶ ತಾಳೆ ನೋಡುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಹುಡುಗಿ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಸಂಖ್ಯೆ ಒತ್ತುತ್ತಾ ಹೋದಳು. ಸರಿ, ಸರಿ, ಸರಿ. ಆಫೀಸಿನ ಉಳಿದವರೂ ಕುರ್ಚಿ ಎಳೆದುಕೊಂಡು ಬಂದು ಕೂತರು. ಒಬ್ಬ "ಸಖತ್ ಸಾರ್" ಎಂದೂ ಅಂದ. ಕೊನೆಗೆ ಮೂವತ್ತೊಂದು ಸರಿ, ಒಂದು ತಪ್ಪು.

"ಯಾವುದು?"

"ಹಾಲು ತರಲು ಹೊರಟೆ. ಅದು ಯಂತ್ರ ಅಲ್ಲ ಸಾರ್. ಉತ್ತರಹಳ್ಳಿಯವರು ಒಬ್ರು ಆಂಟಿ."

ಮೂವತ್ತೆರಡಕ್ಕೆ ಮೂವತ್ತೊಂದು ಬಂದರೆ ಸಂತೋಷಪಡುವವನು ಸಂತೋಷಪಡುತ್ತಿದ್ದ. ನನಗೆ ಆ ಒಂದು ತಪ್ಪು ಅನ್ನದಲ್ಲಿ ಕಲ್ಲು ಸಿಕ್ಕಿದಂತಾಯಿತು. ಸುತ್ತ ಕೂತವರ ಮುಖ ನೋಡಿದೆ. ಬಾಯಿಂದ ಬಂದದ್ದು ಇದು: "ಹಂಗಾದ್ರೆ ಆಕೆ ಫೋನ್ ನೋಡಿ ಬರೆದಿರ್ಬೇಕು."

ಹುಡುಗಿಗೆ ಇಷ್ಟವಾಗಲಿಲ್ಲ. "ಹಂಗೆ ಅನ್ಸಲ್ಲ ಸಾರ್. ಆಕೇದೇ ಆ ತಕ್ಕಡಿ ಹಾಳೇನೂ. ನೀವು ಫುಲ್ ಮಾರ್ಕ್ಸ್ ಕೊಟ್ಟಿದ್ರಲ್ಲ."

ಇಲ್ಲಿ ನಿಲ್ಲಬೇಕಾಗಿತ್ತು. ತುಟಿಯ ಆಟದಲ್ಲಿ ಯಾವ ಯಂತ್ರವೂ ಗೆದ್ದಿರಲಿಲ್ಲ. ನಾನೇ ಅಂಕ ಕೊಟ್ಟ ಪಟ್ಟಿ ಮುಂದಿತ್ತು. ಫೋನ್ ನೋಡಿ ಬರೆದಿದ್ದರೆ ಆ ಐದು ವಾಕ್ಯ ಬರುವ ಹಾಗೇ ಇರಲಿಲ್ಲ. ಅದು ನನಗೆ ಆ ಕ್ಷಣಕ್ಕೇ ಹೊಳೆಯಿತು, ಹೊಳೆದದ್ದನ್ನು ನಾನೇ ಅದುಮಿಟ್ಟೆ. ಇದನ್ನು ಈಗ ಒಪ್ಪಿಕೊಳ್ಳುವುದಕ್ಕೇ ಈ ಬರಹ ಬರೆಯುತ್ತಿದ್ದೇನೆ. ಗೊತ್ತಿಲ್ಲದೆ ಮಾಡಿದ ತಪ್ಪು ಬೇರೆ, ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೂತದ್ದು ಬೇರೆ.

"ಫೋನ್ ಮಾಡಿ ಕೇಳೋಣ" ಅಂದೆ.

ಅವಳು ಸ್ಪೀಕರಿನಲ್ಲಿಟ್ಟು ಫೋನ್ ಮಾಡಿದಳು. ಆ ಕಡೆ ಜನರ ಗದ್ದಲ, ಪಾತ್ರೆಯ ಸದ್ದು, ಯಾರೋ ನಗುತ್ತಿದ್ದರು. ಹುಡುಗಿ ನಯವಾಗಿ, "ಆಂಟಿ, ನಾಲ್ಕನೇದ್ರಲ್ಲಿ ಒಂದು ಪದ ಬಿಟ್ಟೋಗಿದೆ, ಯಾಕೆ ಅಂತ ಕೇಳೋಣ ಅಂತ" ಅಂದಳು.

"ಬಿಟ್ಟಿಲ್ಲವಲ್ಲ ಮೇಡಂ. ಬರ್ದಿದ್ದೀನಿ."

"ಯಾವ ಪದ ಹೇಳಿ ಆಂಟಿ?"

ಆ ಕಡೆ ಮೌನ. ನನಗೆ ತಡೆಯಲಾಗಲಿಲ್ಲ. ಫೋನಿನ ಹತ್ತಿರಕ್ಕೆ ಬಗ್ಗಿ ಕೇಳಿದೆ: "ಅಮ್ಮ, ಫೋನ್ ನೋಡಿ ಬರ್ದ್ರಾ? ಇದ್ದಿದ್ದು ಇದ್ದ ಹಾಗೆ ಹೇಳಿಬಿಡಿ."

ಗದ್ದಲ ಥಟ್ಟನೆ ನಿಂತಿತು. ಆಮೇಲೆ ಅವರ ದನಿ, ಮೊದಲಿಗಿಂತ ಸಣ್ಣದಾಗಿ, "ಇಲ್ಲ ಸಾರ್. ಪೇಪರ್ ನೋಡಿ ಸಾರ್, ಬರ್ದಿದ್ದೀನಿ."

"ನೋಡಿದ್ದೀನಮ್ಮ" ಅಂದೆ.

ನಾನು ನೋಡಿದ್ದು ಟೈಪು ಮಾಡಿದ ಹಾಳೆ. ಪೇಪರ್ ಬೀರುವಿನಲ್ಲಿತ್ತು, ನಾನು ಕೂತ ಕುರ್ಚಿಯಿಂದ ಐದು ಹೆಜ್ಜೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಕಾಣದೆಯೇ ಪ್ರಮಾಣ ಮಾಡಿದ್ದೆ. ಅವರು ಮತ್ತೇನೂ ಹೇಳದೆ ಫೋನ್ ಇಟ್ಟರು. ಯಾವ ಪದ ಎಂದು ಹೇಳಲಾರದೆ ಹೋದದ್ದೇ ಸಾಕ್ಷಿ ಎಂದು ನಾನು ವಾದಿಸಿದೆ. ಅವರ ನಾಲ್ಕೂ ಹಾಳೆಗಳನ್ನು ವರದಿಯಿಂದ ತೆಗೆದುಹಾಕಲಾಯಿತು. ತೆಗೆದ ಮೇಲೆ ಉಳಿದವು ಇಪ್ಪತ್ತೆಂಟು, ಅಷ್ಟೂ ನನ್ನ ಲೆಕ್ಕಕ್ಕೆ ಸರಿ. ಜನಕ್ಕೆ ಮೊದಲೇ ಮಾತು ಕೊಟ್ಟಂತೆ, ಅಂಕ ಮತ್ತು ನನ್ನ ಟಿಪ್ಪಣಿಗಳನ್ನು ಆಫೀಸಿನಿಂದ ಎಲ್ಲರಿಗೂ ಕಳಿಸಿದರು. ಅವರಿಗೂ ಹೋಯಿತು.

ನಾಲ್ಕೈದು ದಿನದ ಮೇಲೆ ನಾನು ವರದಿಯ ಕರಡು ನೋಡುತ್ತಾ ಆಫೀಸಿನಲ್ಲಿದ್ದಾಗ ಹಿರಿಯರೊಬ್ಬರು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಒಳಗೆ ಬಂದರು. ಬಿಳಿ ಪಂಚೆ, ಎದೆಯ ಜೇಬಿನಲ್ಲಿ ಕನ್ನಡಕ. ಮೆಟ್ಟಿಲು ಹತ್ತಿ ಬಂದ ಆಯಾಸಕ್ಕೆ ಮೇಜಿಗೆ ಕೈಯೂರಿ ಸುಧಾರಿಸಿಕೊಂಡರು.

"ಉತ್ತರಹಳ್ಳಿಯಿಂದ ಬಂದೆ ಮೇಡಂ. ಪದ್ಯ ಬರ್ದಿದ್ರಲ್ಲ, ಅವ್ರ ಯಜಮಾನ ನಾನು." ನನ್ನ ಕಡೆ ತಿರುಗಿ, "ಜಗಳಕ್ಕೆ ಬಂದಿಲ್ಲ ಸಾರ್" ಅಂದರು. "ನಮ್ಮನೆಯವ್ಳು ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ನೀವು ಫೋನ್ ಮಾಡ್ದಾಗ ಅವ್ರಣ್ಣನ ಮನೇಲಿ ಲಗ್ನಪತ್ರಿಕೆ ಶಾಸ್ತ್ರ. ಎಲ್ಲಾ ನೆಂಟರೂ ಇದ್ರು. ಅವ್ಳಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರಲ್ಲೇ ಮಾತಾಡೋದು."

ನನಗೆ ಆ ಗದ್ದಲ ನಿಂತದ್ದು ನೆನಪಾಯಿತು.

"ಫೋನ್ ನೋಡಿ ಬರ್ದಳಂತೆ ಅಂತ ಈಗ ಎಲ್ರ ಬಾಯಲ್ಲೂ ಅದೇ. ನಮ್ಮ ಕಡೆ ಹೆಣ್ಣು ಮನೆ ತುಂಬೋವಾಗ ಹೊಸಲಲ್ಲಿ ನಾದಿನೀರು ಅಡ್ಡ ನಿಂತು, ಗಂಡನ ಹೆಸರು ಹೇಳು, ಒಳಗೆ ಬಿಡ್ತೀವಿ ಅಂತಾರಲ್ಲ ಸಾರ್. ಬರೀ ಹೆಸರು ಹೇಳಂಗಿಲ್ಲ, ಪದ ಕಟ್ಟಿ ಹೇಳ್ಬೇಕು. ಊರಲ್ಲಿ ಎಷ್ಟೋ ಹೆಣ್ಣುಮಕ್ಳಿಗೆ ಅದನ್ನ ಕಟ್ಟಿ ಕೊಟ್ಟೋಳು ನಮ್ಮನೆಯವ್ಳೇ. ಈಗ ಅವ್ರಣ್ಣನ ಮಗಳಿಗೆ ಬರ್ಕೊಡಬೇಕಾಗಿತ್ತು. ನಂಗೆ ಬರಲ್ಲ ಹೋಗಿ ಅಂತ ಕೂತ್ಬಿಟ್ಟವ್ಳೆ."

ಹುಡುಗಿಯ ಕಡೆ ತಿರುಗಿ, "ಆ ಪೇಪರ್ ಒಂದ್ಸಲ ತೋರ್ಸಿ ಮೇಡಂ. ಬರ್ದಿದ್ದೀನಿ ಅಂತಾಳೆ. ಏನು ಬರ್ದೆ ಅಂದ್ರೆ ಹೇಳಲ್ಲ" ಅಂದರು.

ಹುಡುಗಿ ನನ್ನ ಮುಖ ನೋಡಲಿಲ್ಲ. ಎದ್ದು ಬೀರು ತೆಗೆದು, ಖಾಕಿ ಕವರಿನಿಂದ ಹಾಳೆ ಹುಡುಕಿ ಮೇಜಿನ ಮೇಲಿಟ್ಟಳು. ನೀಲಿ ಇಂಕಿನ ದಪ್ಪ ಅಕ್ಷರ. ಮೂರು ಕಡೆ ಹೊಡೆದು ಹಾಕಿ ಮತ್ತೆ ಬರೆದಿದ್ದರು. ನಾಲ್ಕನೆಯ ಸಾಲಿನಲ್ಲಿ 'ಮೇಲೆ' ಎಂಬುದಕ್ಕೂ 'ರಾತ್ರಿಯ ದೀಪ' ಎಂಬುದಕ್ಕೂ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಒಂದು ಚಂದ್ರ ಬರೆದಿದ್ದರು. ಅವಸರದ ಗೀಟಲ್ಲ, ನಿಧಾನವಾಗಿ ಸುತ್ತಿದ ದುಂಡು. ಒಳಗೆ ಸಣ್ಣದೊಂದು ಮೊಲ, ಎರಡು ಕಿವಿ ನಿಮಿರಿಸಿಕೊಂಡು ಕೂತಿತ್ತು.

ಟೈಪು ಮಾಡಿದವರು ನನ್ನ ನಿಯಮ ಪಾಲಿಸಿದ್ದರು. ಚಿತ್ರ, ಗುರುತು ಏನೇ ಇದ್ದರೂ ತೆಗೆಯಬೇಕಿತ್ತು, ತೆಗೆದಿದ್ದರು.

ಹಿರಿಯರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಇಲ್ಲಿ ಯಾವ ಪದ ಇರ್ಬೇಕಿತ್ತು ಮೇಡಂ?"

"ಚಂದ್ರ ಅಂತ."

ಅವರು ಬಹಳ ಹೊತ್ತು ಹಾಳೆಯಿಂದ ಮುಖ ಎತ್ತಲಿಲ್ಲ. ಎತ್ತಿದಾಗ ನಗುತ್ತಿದ್ದರು, ಕಣ್ಣು ಮಾತ್ರ ತುಂಬಿತ್ತು.

"ನನ್ನ ಹೆಸರು ಚಂದ್ರಪ್ಪ ಮೇಡಂ."

ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅವರೇ ಮುಂದುವರಿಸಿದರು. "ನಲವತ್ತು ವರ್ಷ ಆಯ್ತು. ಮನೆ ತುಂಬಿಸ್ಕೊಂಡ ದಿನ ಹೊಸಲಲ್ಲಿ ನಮ್ಮಕ್ಕಂದ್ರು ಅಡ್ಡ ನಿಂತಿದ್ರಲ್ಲ, ಅವತ್ತೊಂದಿನ ಹೇಳಿದ್ದು. ಆಮೇಲೆ ಆ ಮಾತೇ ಬಾಯಿಗೆ ತಂದಿಲ್ಲ. ಮೊಮ್ಮಕ್ಕಳಿಗೆ ಊಟ ಮಾಡಿಸೋವಾಗ್ಲೂ ಮೇಲೆ ಕೈ ತೋರಿಸಿ, ಅಗೋ ಮೊಲದ ಮನೆ ಅಂತಾಳೆ."

ನಾನು ತಲೆ ತಗ್ಗಿಸಿ ಕೂತಿದ್ದೆ. ಒಂದು ಶನಿವಾರ ಬೆಳಿಗ್ಗೆ ಕೊಟ್ಟ ಷರತ್ತಿಗೇ ಉಳಿದ ನಾಲ್ಕು ಜನವೂ ಮೂರು ಯಂತ್ರಗಳೂ ತಿಣುಕಿದ್ದವು. ಈಕೆ ನಲವತ್ತು ವರ್ಷದಿಂದ, ಯಾರೂ ಅಂಕ ಕೊಡದ ಒಂದು ಷರತ್ತಿನೊಳಗೆ ಮಾತಾಡುತ್ತಾ ಬಂದಿದ್ದರು. ನಾನು ಹಾಕಿದ ಷರತ್ತು ಅದಕ್ಕೆ ಅಡ್ಡ ಬಂದಾಗ ಎರಡನ್ನೂ ಮುರಿಯದೆ ಒಂದು ದಾರಿ ಮಾಡಿಕೊಂಡಿದ್ದರು. ಅದನ್ನು ನಾನು ಅಳಿಸಿ ಹಾಕಿಸಿ, ಆಮೇಲೆ ಎಲ್ಲಿ ಎಂದು ಕೇಳಿದ್ದೆ. ನೆಂಟರೆಲ್ಲ ಕೇಳುವ ಹಾಗೆ ಕೇಳಿದ್ದೆ. ಅವರಾದರೂ ಏನೆಂದು ಹೇಳಬೇಕಿತ್ತು?

"ತಪ್ಪಾಯ್ತು" ಎಂದು ಹೇಳಿದೆ. ಹಿರಿಯರು "ಅಯ್ಯೋ, ಬಿಡಿ ಸಾರ್" ಎಂದು ನನ್ನ ಕೈ ಹಿಡಿದುಕೊಂಡರು. ಅದು ಇನ್ನೂ ಕಷ್ಟವಾಯಿತು.

ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು, "ನಿಮಗೆ ಹೊಳೀಲೇ ಇಲ್ವಾ?"

"ಹೆಂಗೆ ಹೊಳೆಯುತ್ತೆ? ಈ ಕಾಲದಲ್ಲಿ ಯಾರು ಹಂಗೆಲ್ಲ ಇದಾರೆ?"

"ನಿಮ್ಮನ್ನ ರಕ್ತ ಪರೀಕ್ಷೆಗೆ ಕರ್ಕೊಂಡ್ ಹೋದಾಗ ಕೌಂಟರಲ್ಲಿ ಪೇಷೆಂಟ್ ಹೆಸರು ಕೇಳ್ತಾರಲ್ಲ. ನಾನೇನ್ ಮಾಡ್ತೀನಿ?"

ಯೋಚಿಸಿದೆ. ಫೈಲನ್ನು ಮುಂದಕ್ಕೆ ತಳ್ಳುತ್ತಾಳೆ. ಪ್ರತಿ ಸಲವೂ ಹಾಗೆಯೇ. ಬಾಯಿಬಿಟ್ಟು ಹೇಳಲು ಸೋಮಾರಿತನ ಎಂದು ನಾನು ಒಂದೆರಡು ಸಲ ರೇಗಿದ್ದೂ ಉಂಟು. ಮದುವೆಯಾಗಿ ಮೂವತ್ತಾರು ವರ್ಷ. ಎರಡು ಸಾಲು ಓದಿದರೆ ಯಾರು ಬರೆದದ್ದೆಂದು ಹೇಳುವ ನಾನು, ಇಷ್ಟು ವರ್ಷದಲ್ಲಿ ನನ್ನ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬಂದಿಲ್ಲ ಎಂಬುದನ್ನು ಗಮನಿಸಿರಲಿಲ್ಲ. ಬಹಳ ನಾಚಿಕೆಯಾಯಿತು. ಅವಳ ಮುಂದೆ ಕೂರಲಾಗದೆ ವರಾಂಡಕ್ಕೆ ಹೋಗಿ ಕೂತೆ. ಅಲ್ಲಿ ಮುರಿದ ಕಡ್ಡಿ ಇನ್ನೂ ಬಿದ್ದಿತ್ತು.

ಮರುದಿನ ಹುಡುಗಿಗೆ ಹೇಳಿದೆ, ಆಕೆಯ ನಾಲ್ಕೂ ಹಾಳೆ ವಾಪಸು ಸೇರಿಸಿ ಎಂದು. ನಾಲ್ಕನೆಯದನ್ನು ಟೈಪು ಮಾಡಿದ್ದಲ್ಲ, ಫೋಟೋ ತೆಗೆದು ಹಾಕಿ. ಪದ ನಾಲ್ಕಕ್ಕೆ ನಾಲ್ಕು, ಪೂರ್ತಿ ಅಂಕ. ನಿರ್ಣಾಯಕರ ಊಹೆ, ತಪ್ಪು. ಅವಳು ಒಂದೊಂದಾಗಿ ಮಾಡುತ್ತಾ ಬಂದು ನನ್ನ ಟಿಪ್ಪಣಿಯ ಹತ್ತಿರ ನಿಂತಳು.

"ಇದನ್ನ ಡಿಲೀಟ್ ಮಾಡ್ತೀನಿ ಸಾರ್. ಯಾರಿಗೂ ಗೊತ್ತಾಗಲ್ಲ."

ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಅದು ಹೋದರೆ ವರದಿಯಲ್ಲಿ ಉಳಿಯುವುದು ಬರೀ ಒಂದು ತಪ್ಪು ಊಹೆ, ಮೂವತ್ತೆರಡರಲ್ಲಿ ಒಂದು, ಮರ್ಯಾದೆ ಉಳಿಯುತ್ತದೆ. ಆದರೆ ಕಾಟು, ಗೀಟು ತೆಗೆದು ಚೊಕ್ಕ ಮಾಡಿ ಎಂದು ಒಮ್ಮೆ ಹೇಳಿ ಆಗಿದ್ದು ಕಣ್ಣ ಮುಂದಿತ್ತು.

"ಬೇಡಮ್ಮ. ಅದು ಹಂಗೇ ಇರ್ಲಿ. ಕೆಳಗೆ ನನ್ನ ಹೆಸರೂ ಹಾಕಿ."

ಆ ಪುಟದ ಪ್ರತಿ ತೆಗೆದುಕೊಂಡು ಉತ್ತರಹಳ್ಳಿಗೆ ಹೋಗಲು ನನಗೆ ಮತ್ತೂ ಹದಿನೈದು ದಿನ ಬೇಕಾಯಿತು. ಕಾಲು ನೋವು, ಬಸ್ಸಿನ ರಷ್ಷು, ವರದಿ ಅಚ್ಚಾಗಲಿ ಎಂದು ನೆಪಗಳಿಗೇನು ಕೊರತೆ. ಕೊನೆಗೆ ಒಂದು ಗುರುವಾರ ಬೆಳಿಗ್ಗೆ ಆಟೋ ಹಿಡಿದು ಹೋದೆ. ಹಳೆಯ ಊರಿನ ಬೀದಿ, ಕೆಳಗೆ ಅವರು, ಮೇಲೆ ಬಾಡಿಗೆಗೆ ಕೊಟ್ಟ ಮೂರು ಮನೆ. ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಒಣಗಿತ್ತು. ಹಿರಿಯರು ಮನೆಯಲ್ಲಿರಲಿಲ್ಲ. ಆಕೆಯೇ ಬಾಗಿಲು ತೆಗೆದರು. ನಾನು ಯಾರೆಂದು ಹೇಳಿದೆ. ಮುಖ ಒಂದು ಕ್ಷಣ ಬಿಗಿಯಿತು, ಆಮೇಲೆ "ಒಳಗೆ ಬನ್ನಿ ಸಾರ್" ಎಂದು ಕುರ್ಚಿ ಎಳೆದರು, ಕಾಫಿ ಮಾಡಲು ಹೋದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಪುಟವನ್ನು ಕೊಟ್ಟೆ. ನಿಂತೇ ಓದಿದರು. ಮೊಲದ ಹತ್ತಿರ ಬೆರಳಿಟ್ಟು ಸ್ವಲ್ಪ ನಕ್ಕರು. ಬೆರಳು ಕೆಳಗೆ ಇಳಿದು ನನ್ನ ಟಿಪ್ಪಣಿಗೆ ಬಂತು.

"ಇದನ್ನ ಯಾಕೆ ಸಾರ್ ಬಿಟ್ರಿ? ಓದ್ದೋರು ನಿಮ್ಮನ್ನ ಆಡ್ಕೊಳ್ತಾರೆ."

"ಆಡ್ಕೊಳ್ಳಲಿ ಅಂತಾನೇ ಬಿಟ್ಟೆ ಅಮ್ಮ."

ಅವರು 'ಇದರ ಹಿಂದೆ ಯಾರೂ ಇಲ್ಲ' ಎಂಬುದನ್ನು ಮತ್ತೊಮ್ಮೆ, ತುಟಿಯಲ್ಲಿ ಸದ್ದಿಲ್ಲದೆ ಓದಿಕೊಂಡರು.

"ನಾನು ಇದ್ನಲ್ಲ ಸಾರ್" ಅಂದರು. "ಕಿಟಕಿ ಪಕ್ಕ ಕೂತಿದ್ದೆ. ಎಲ್ರೂ ಎದ್ದು ಹೋದ್ಮೇಲೂ ಆ ಒಂದು ಸಾಲಿಗೇ ಎಷ್ಟೊತ್ತು ಕೂತಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣನ ಮಗಳ ಮದುವೆ ಯಾವಾಗ ಎಂದು ಕೇಳಿದೆ. ನೆಂಟರಿಗೆ ನಾನೇ ಬಂದು ಹೇಳುತ್ತೇನೆ, ಪುಟ ತೋರಿಸುತ್ತೇನೆ ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ.

"ಆಯ್ತಲ್ಲ ಸಾರ್, ಹೋದ ಭಾನುವಾರ."

"ಹೊಸಲಲ್ಲಿ ಹೆಸರು ಹೇಳೋದು?"

"ಹೇಳಿದ್ಳು. ಫೋನಲ್ಲಿ ಬರೆಸ್ಕೊಂಡು ಬಂದಿದ್ರು. ಚೆನ್ನಾಗೇ ಇತ್ತು. ಎಲ್ರೂ ಚಪ್ಪಾಳೆ ಹೊಡೆದ್ರು."

ಪುಟವನ್ನು ಮಡಚಿ ಟಿ.ವಿ. ಸ್ಟ್ಯಾಂಡಿನ ಮೇಲೆ, ಮದುವೆಯ ಕರೆಯೋಲೆಗಳ ಕೆಳಗಿಟ್ಟರು. ಕಾಫಿ ಲೋಟ ನನ್ನ ಕೈಯಲ್ಲೇ ತಣ್ಣಗಾಗುತ್ತಿತ್ತು.

"ನೀವೇ ಕಟ್ಟಿಕೊಡಬಹುದಿತ್ತಲ್ಲಮ್ಮ. ಮಗುವಿಗೆ ಖುಷಿಯಾಗ್ತಿತ್ತು."

"ನಾನು ಕಟ್ಟಿದ್ರೂ ಫೋನ್ ನೋಡಿ ಬರ್ದಳು ಅಂತಿದ್ರಲ್ಲ ಸಾರ್" ಅಂದರು ಆಕೆ, ಸಿಟ್ಟಿಲ್ಲದೆ. "ಅದಕ್ಕೇ, ಫೋನೇ ಬರೀಲಿ ಬಿಡಿ ಅಂದೆ."